ಪಕ್ಕದ ಮನೆ ಅಜ್ಜನ ರಿಮೋಟ್

2024ರ ಸೆಪ್ಟೆಂಬರ್‌ನಲ್ಲಿ ಹಾಸನದಿಂದ ಚಿಕ್ಕಮ್ಮ ಫೋನ್ ಮಾಡಿದರು. ಯಾವಾಗಲೂ ಮೊದಲು ಕೇಳುವುದು ಊಟ ಆಯ್ತಾ ಅಂತ. ಅವತ್ತು ಅದೂ ಇಲ್ಲ. "ಏನೋ ಅದು, ನಿಮ್ಮ ಕಡೆ ಜನ ನಾಯಿ ಬೆಕ್ಕು ಹಿಡ್ಕೊಂಡು ತಿಂತಾ ಇದಾರಂತೆ? ಟೀವೀಲಿ ತೋರಿಸಿದ್ರು. ಒಹಾಯೊ ಅಂದ್ರು. ನೀನಿರೋದೂ ಒಹಾಯೊ ತಾನೆ?" ಹೌದು, ನಾನಿರುವುದು ಒಹಾಯೊದ ಕೊಲಂಬಸ್‌ನಲ್ಲಿ. ಅವರು ಹೇಳುತ್ತಿದ್ದ ಸ್ಪ್ರಿಂಗ್‌ಫೀಲ್ಡ್ ನಮ್ಮಿಂದ ಪಶ್ಚಿಮಕ್ಕೆ ಸುಮಾರು 45 ಮೈಲಿ. ಐ-70 ಹೆದ್ದಾರಿಯಲ್ಲಿ ಡೇಟನ್ ಕಡೆ ಹೋಗುವಾಗ ಸಿಗುತ್ತದೆ. "ಎಲ್ಲ ಸುಳ್ಳು ಚಿಕ್ಕಮ್ಮ" ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. "ಸುಳ್ಳಾದ್ರೆ ಅಷ್ಟು ದೊಡ್ಡ ಮನುಷ್ಯ ಯಾಕೋ ಹೇಳ್ತಾನೆ?" ಅಂದರು.

ಮರುದಿನ ಆಫೀಸಿನಲ್ಲಿ ಸಹೋದ್ಯೋಗಿಗಳು ಕೇಳುತ್ತಿದ್ದ ಪ್ರಶ್ನೆ ಬೇರೆ: ಇಂಥದ್ದನ್ನೆಲ್ಲ ಜನ ಹೇಗಾದರೂ ನಂಬುತ್ತಾರೆ? ಅಮೆರಿಕದ ಸುದ್ದಿಯ ಬಗ್ಗೆ ಮಾತು ಬಂದಾಗಲೆಲ್ಲ ಈ ಎರಡೇ ಪ್ರಶ್ನೆ ಬರುತ್ತವೆ. ಹೇಳುವವನು ಯಾಕೆ ಹೇಳುತ್ತಾನೆ, ಕೇಳುವವನು ಯಾಕೆ ನಂಬುತ್ತಾನೆ. ಮೊದಲನೆಯದಕ್ಕೆ ಉತ್ತರ ದುಷ್ಟತನ, ಎರಡನೆಯದಕ್ಕೆ ದಡ್ಡತನ. ಅಲ್ಲಿಗೆ ಮಾತು ಮುಗಿಯಿತು. ನನಗೆ ಮಾತ್ರ ಇದು ಮುಗಿದ ಹಾಗೆ ಅನ್ನಿಸುವುದಿಲ್ಲ. ಯಾಕೆಂದರೆ ಇದನ್ನೆಲ್ಲ ನಂಬುವವರಲ್ಲಿ ಒಬ್ಬರು ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ. ಅವರು ದಡ್ಡರಲ್ಲ. ಅವರ ಬಗ್ಗೆ ಆಮೇಲೆ ಹೇಳುತ್ತೇನೆ.

ನಾಲ್ಕನೇ ಕೈಯ ಬೆಕ್ಕು

ಆ ಬೆಕ್ಕಿನ ಕಥೆ ಹುಟ್ಟಿದ್ದು ಹೇಗೆ ಅನ್ನುವುದು ಈಗ ಚೆನ್ನಾಗಿ ಗೊತ್ತಿದೆ. ಊರಿನ ಒಂದು ಫೇಸ್‌ಬುಕ್ ಗುಂಪಿನಲ್ಲಿ ಯಾರೋ ಬರೆದರು. ಪಕ್ಕದ ಮನೆಯವರ ಮಗಳ ಗೆಳತಿಯ ಬೆಕ್ಕು ಕಾಣೆಯಾಗಿದೆ, ಹೈಟಿ ದೇಶದಿಂದ ಬಂದವರು ಹಿಡಿದಿದ್ದಾರೆ ಅಂತ. ಅಂದರೆ ಬರೆದವರು ಕಂಡದ್ದಲ್ಲ, ಅವರಿಗೆ ಹೇಳಿದವರು ಕಂಡದ್ದೂ ಅಲ್ಲ. ಅದರ ಜೊತೆಗೆ ಇನ್ನೆರಡು ಸೇರಿಕೊಂಡವು. ಕ್ಯಾಂಟನ್ ಎಂಬ ಊರಿನಲ್ಲಿ ಒಬ್ಬ ಹೆಂಗಸು ಬೆಕ್ಕನ್ನು ಕೊಂದ ಆರೋಪದಲ್ಲಿ ಸಿಕ್ಕಿಬಿದ್ದಿದ್ದಳು. ಆಕೆ ಅಮೆರಿಕದವಳೇ, ಹೈಟಿಗೂ ಅವಳಿಗೂ ಸಂಬಂಧವಿಲ್ಲ. ಇನ್ನೊಂದು, ಸತ್ತ ಬಾತುಕೋಳಿಯಂಥ ದೊಡ್ಡ ಹಕ್ಕಿಯನ್ನು ಹಿಡಿದುಕೊಂಡು ಒಬ್ಬ ರಸ್ತೆಯಲ್ಲಿ ನಡೆದು ಹೋಗುತ್ತಿರುವ ಫೋಟೋ. ಆ ಫೋಟೋ ತೆಗೆದದ್ದು ನಮ್ಮ ಕೊಲಂಬಸ್‌ನಲ್ಲಿ, ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅಲ್ಲವೇ ಅಲ್ಲ. ಮೂರು ಊರಿನ ಮೂರು ಚೂರು ಸೇರಿ ಒಂದು ಸುದ್ದಿಯಾಯಿತು.

ಸೆಪ್ಟೆಂಬರ್ 9ರಂದು, ಟ್ರಂಪ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಜೆ.ಡಿ. ವ್ಯಾನ್ಸ್ ಅದನ್ನು ಪೋಸ್ಟ್ ಮಾಡಿದರು. ಅದೇ ದಿನ ಅವರ ಸಿಬ್ಬಂದಿ ಸ್ಪ್ರಿಂಗ್‌ಫೀಲ್ಡ್‌ನ ಸಿಟಿ ಮ್ಯಾನೇಜರ್‌ಗೆ, ಅಂದರೆ ಊರಿನ ಆಡಳಿತ ನೋಡಿಕೊಳ್ಳುವ ಅಧಿಕಾರಿಗೆ, ಫೋನ್ ಮಾಡಿ ಕೇಳಿದ್ದರು, ಅವರು ಅಂಥದ್ದೇನೂ ಇಲ್ಲ ಅಂದಿದ್ದರು. ಇದು ಆಮೇಲೆ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಬಂತು. ಪೋಸ್ಟ್ ಹಾಗೇ ಉಳಿಯಿತು. ಮರುದಿನ ರಾತ್ರಿ ಫಿಲಡೆಲ್ಫಿಯಾದಲ್ಲಿ ನಡೆದ ಅಧ್ಯಕ್ಷ ಚುನಾವಣೆಯ ಚರ್ಚೆಯಲ್ಲಿ ಟ್ರಂಪ್ ಅದನ್ನು ಇಡೀ ದೇಶದ ಮುಂದೆ ಹೇಳಿದರು. ಚರ್ಚೆ ನಡೆಸುತ್ತಿದ್ದ ಎಬಿಸಿಯ ಡೇವಿಡ್ ಮ್ಯೂರ್, ಸಿಟಿ ಮ್ಯಾನೇಜರ್ ಇದನ್ನು ಅಲ್ಲಗಳೆದಿದ್ದಾರೆ ಅಂದರು. "ಟೀವೀಲಿ ಜನ ಹೇಳ್ತಿದ್ದಾರೆ" ಅಂತ ಟ್ರಂಪ್ ಉತ್ತರ ಕೊಟ್ಟರು. ಟೀವಿ ಹೇಳಿತು ಅಂತ ಅವರು ಹೇಳಿದರು, ಅವರು ಹೇಳಿದರು ಅಂತ ಟೀವಿ ಮತ್ತೆ ಹೇಳಿತು. ಹಾಸನದ ತನಕ ಬಂದದ್ದು ಹೀಗೆ.

ಆಮೇಲೆ ಊರಿಗೆ ಬಾಂಬ್ ಬೆದರಿಕೆಗಳು ಬಂದವು. 30ಕ್ಕೂ ಹೆಚ್ಚು, ಒಂದೂ ನಿಜವಲ್ಲ. ಆದರೂ ಶಾಲೆಗಳನ್ನು ಖಾಲಿ ಮಾಡಿಸಬೇಕಾಯಿತು. ರಾಜ್ಯದ ಗವರ್ನರ್ ಮೈಕ್ ಡಿವೈನ್ ಶಾಲೆಗಳಿಗೆ ಪೊಲೀಸರನ್ನು ಕಳಿಸಿದರು. ಅವರೂ ಟ್ರಂಪ್‌ರ ರಿಪಬ್ಲಿಕನ್ ಪಕ್ಷದವರೇ, ಹುಟ್ಟಿದ್ದು ಅದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಈ ಕಥೆ ಸುಳ್ಳು ಅಂತ ಅವರು ಬಾಯಿಬಿಟ್ಟು ಹೇಳಿದರು, ಪತ್ರಿಕೆಗೆ ಲೇಖನ ಬರೆದರು. ಆ ತಿಂಗಳು ಸ್ವಂತ ಪಕ್ಷದವರಿಗೆ ಬೇಡವಾದ ಮಾತನ್ನು ಹೇಳಿದ ಕೆಲವೇ ಜನರಲ್ಲಿ ಅವರೊಬ್ಬರು. ಅಷ್ಟರಲ್ಲಿ ತನ್ನ ಬೆಕ್ಕು ಹೋಯಿತು ಅಂತ ಪೊಲೀಸರಿಗೆ ದೂರು ಕೊಟ್ಟಿದ್ದ ಹೆಂಗಸಿಗೆ ಅದು ತನ್ನದೇ ಮನೆಯ ಬೇಸ್‌ಮೆಂಟ್‌ನಲ್ಲಿ ಸಿಕ್ಕಿತ್ತು. ಆಕೆ ಪಕ್ಕದ ಹೈಟಿ ಕುಟುಂಬದ ಬಳಿ ಹೋಗಿ ಕ್ಷಮೆ ಕೇಳಿದಳಂತೆ. ಇಡೀ ಪ್ರಕರಣದಲ್ಲಿ ಕ್ಷಮೆ ಕೇಳಿದವರು ಬಹುಶಃ ಆಕೆಯೊಬ್ಬಳೇ.

ನನ್ನನ್ನು ಕಾಡುವ ಭಾಗ ಈ ಸುಳ್ಳಿನದ್ದಲ್ಲ. ಸ್ಪ್ರಿಂಗ್‌ಫೀಲ್ಡ್‌ಗೆ ನಿಜವಾದ ಕಷ್ಟಗಳಿದ್ದವು. ಫ್ಯಾಕ್ಟರಿಗಳು ಮುಚ್ಚಿ, ದಶಕಗಳ ಕಾಲ ಜನ ಕಡಿಮೆಯಾಗುತ್ತಾ ಬಂದ ಊರು ಅದು. 58 ಸಾವಿರದ ಆಸುಪಾಸಿನ ಜನಸಂಖ್ಯೆ. ಅಲ್ಲಿಗೆ ಕೆಲವೇ ವರ್ಷಗಳಲ್ಲಿ 12ರಿಂದ 15 ಸಾವಿರ ಹೈಟಿಯವರು ಬಂದರು ಅಂತ ಅಂದಾಜು. ಬಂದದ್ದು ಕೆಲಸಕ್ಕೆ, ಹೆಚ್ಚಿನವರು ಕಾನೂನುಬದ್ಧವಾಗಿಯೇ. ಹೊಸ ಕಾರ್ಖಾನೆಗಳಿಗೆ ಅವರು ಬೇಕಿತ್ತು. ಆದರೆ ಮನೆ ಬಾಡಿಗೆ ಏರಿತು. ಕ್ಲಿನಿಕ್‌ಗಳಲ್ಲಿ ಸಾಲು ಉದ್ದವಾಯಿತು. ಶಾಲೆಗಳಿಗೆ ಭಾಷೆ ಗೊತ್ತಿರುವ ಮೇಷ್ಟ್ರುಗಳು ಸಾಲಲಿಲ್ಲ. 2023ರ ಆಗಸ್ಟ್‌ನಲ್ಲಿ ಹೈಟಿಯ ಒಬ್ಬನ ವ್ಯಾನ್ ಶಾಲಾ ಬಸ್ಸಿಗೆ ಗುದ್ದಿ 11 ವರ್ಷದ ಹುಡುಗ ತೀರಿಕೊಂಡ. ಊರಿನ ಜನಕ್ಕೆ ದುಃಖ, ಸಿಟ್ಟು ಎರಡೂ ಇತ್ತು. ಇದನ್ನೆಲ್ಲ ಸ್ಪ್ರಿಂಗ್‌ಫೀಲ್ಡ್ ನ್ಯೂಸ್-ಸನ್ ಎಂಬ ಅಲ್ಲಿನ ಪುಟ್ಟ ಪತ್ರಿಕೆ ಬರೆಯುತ್ತಲೇ ಇತ್ತು. ಹೊರಗಿನವರು ಓದಲಿಲ್ಲ ಅಷ್ಟೇ. ಟ್ರಂಪ್ ಬೆಕ್ಕಿನ ಮಾತು ಆಡಿದ ದಿನವೇ ಆ ಹುಡುಗನ ಅಪ್ಪ ಸಿಟಿ ಕಮಿಷನ್ ಸಭೆಯಲ್ಲಿ ಎದ್ದು ನಿಂತು, ನನ್ನ ಮಗನನ್ನು ದ್ವೇಷಕ್ಕೆ ಬಳಸಬೇಡಿ ಅಂತ ಬೇಡಿಕೊಂಡಿದ್ದರು.

ಬಲಪಂಥದ ಚಾನೆಲ್‌ಗಳಿಗೆ ಬೆಕ್ಕು ಬೇಕಿತ್ತು. ಎಡದವರಿಗೆ "ಬೆಕ್ಕಿನ ಕಥೆ ಸುಳ್ಳು" ಅನ್ನುವುದು ಬೇಕಿತ್ತು. ಎರಡು ಕಡೆಯವರಿಗೂ ಒಂದು ವಾರದ ಕಾರ್ಯಕ್ರಮ ಸಿಕ್ಕಿತು. ಬಾಡಿಗೆ, ಕ್ಲಿನಿಕ್ ಸಾಲು, ಮೇಷ್ಟ್ರುಗಳ ಕೊರತೆ, ಇವಕ್ಕೆ ಯಾರೂ ಗಿರಾಕಿ ಇರಲಿಲ್ಲ. ಎಡದವರು ನಿಜವನ್ನೇ ಹೇಳುತ್ತಿದ್ದರು, ಅದು ಸರಿ. ಆದರೆ ಊರಿನಲ್ಲಿ ಕಷ್ಟವೇ ಇಲ್ಲ, ಇರುವುದು ಜನಾಂಗದ್ವೇಷ ಮಾತ್ರ ಅನ್ನುವ ಹಾಗೆ ಹೇಳುತ್ತಿದ್ದರು. ಅಲ್ಲಿ ಬಾಡಿಗೆ ಕಟ್ಟಲಾಗದೆ ಒದ್ದಾಡುತ್ತಿದ್ದವನಿಗೆ ಆ ನಿಜ ಕೇಳಿ ಏನನ್ನಿಸಿರಬಹುದು?

ಅರಿಜೋನಾ ರಾತ್ರಿ

ಈಗ ಪಕ್ಕದ ಮನೆ ಅಜ್ಜನ ವಿಷಯ. ಮೇರಿಸ್‌ವಿಲ್‌ನ ಹೋಂಡಾ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನಾವು ಈ ಮನೆಗೆ ಬಂದ ಮೊದಲ ಚಳಿಗಾಲದಲ್ಲಿ, ಹಿಮ ತೆಗೆಯುವುದು ಗೊತ್ತಿಲ್ಲದೆ ನಾನು ಸಲಿಕೆ ಹಿಡಿದು ಒದ್ದಾಡುವುದನ್ನು ನೋಡಿ, ಏನೂ ಹೇಳದೆ ತಮ್ಮ ಮಷೀನ್ ತಂದು ನಮ್ಮ ಡ್ರೈವ್‌ವೇ ಪೂರ್ತಿ ಕ್ಲೀನ್ ಮಾಡಿಕೊಟ್ಟರು. ನಮ್ಮಮ್ಮ ಬಂದಾಗ ಮಾಡಿದ ಕೋಡುಬಳೆಯನ್ನು ಬಿಯರ್ ಜೊತೆ ತಿಂದು, ಇದರ ರೆಸಿಪಿ ಬೇಕು ಅಂದವರು. ಕಾರಿನ ಯಾವ ಶಬ್ದಕ್ಕೆ ಯಾವ ಭಾಗ ಕೆಟ್ಟಿದೆ ಅಂತ ಕಿವಿಯಲ್ಲೇ ಹೇಳುತ್ತಾರೆ. ಬೆಳಗ್ಗೆ ಎದ್ದಾಗಿನಿಂದ ಮಲಗುವ ತನಕ ಅವರ ಮನೆಯಲ್ಲಿ ಟೀವಿ ಓಡುತ್ತಲೇ ಇರುತ್ತದೆ. ಹೆಂಡತಿ ತೀರಿಹೋದ ಮೇಲೆ ಅದು ಸುದ್ದಿಗಿಂತ ಜಾಸ್ತಿ, ಮನೆಯಲ್ಲಿ ಒಂದು ದನಿ. ಆಗೆಲ್ಲ ನಾನು ಬಾಗಿಲು ತಟ್ಟಿದರೆ ಒಳಗಿನಿಂದ ಮೊದಲು ಕೇಳುತ್ತಿದ್ದದ್ದು ಬಲಪಂಥದ ದೊಡ್ಡ ಚಾನೆಲ್ ಫಾಕ್ಸ್ ನ್ಯೂಸ್‌ನವರು ಯಾರನ್ನೋ ಬಯ್ಯುವ ಸದ್ದು.

2020ರ ನವೆಂಬರ್. ಚುನಾವಣೆ ಮುಗಿದು ಕೆಲವು ದಿನ ಆಗಿತ್ತು. ಅಜ್ಜ ಅಂಗಳದಲ್ಲಿ ಎಲೆ ಗುಡಿಸುತ್ತಿದ್ದರು. ಕೋವಿಡ್ ಕಾಲ, ಬೇಲಿಯ ಈ ಕಡೆಯಿಂದಲೇ ಮಾತು. ಹೇಗಿದ್ದೀರಿ ಅಂತ ಕೇಳಿದೆ. "ಫಾಕ್ಸ್ ನೋಡೋದು ಬಿಟ್ಟುಬಿಟ್ಟೆ" ಅಂದರು. ಯಾರೋ ಸಂಬಂಧ ಕಡಿದುಕೊಂಡ ಹಾಗಿತ್ತು ಮುಖ. "20 ವರ್ಷದಿಂದ ನೋಡ್ತಿದ್ದೆ. ಕೊನೆಗೆ ಅವರೂ ಮೋಸ ಮಾಡಿದ್ರು. ಅರಿಜೋನಾ ಕೊಟ್ಟುಬಿಟ್ರು." ಈಗ ಏನು ನೋಡ್ತೀರಿ ಅಂದೆ. "ನ್ಯೂಸ್‌ಮ್ಯಾಕ್ಸ್" ಅಂದರು. ಅದೂ ಬಲಪಂಥದ್ದೇ ಇನ್ನೊಂದು ಚಾನೆಲ್, ನಾನು ಆ ಹೆಸರನ್ನು ಸರಿಯಾಗಿ ಕೇಳಿಸಿಕೊಂಡಿದ್ದು ಅದೇ ಮೊದಲು. ಒಬ್ಬ ಅಜ್ಜ ಚಾನೆಲ್ ಬದಲಿಸಿದರೆ ಏನು ಮಹಾ ಅಂತ ಸುಮ್ಮನಾದೆ. ಆ ವಾರ ನ್ಯೂಯಾರ್ಕ್‌ನಲ್ಲಿ ಕೆಲವು ದೊಡ್ಡವರಿಗೆ ನಿದ್ದೆ ಕೆಡಿಸಿದ್ದು ಇದೇ ವಿಷಯ ಅಂತ ಗೊತ್ತಾಗಿದ್ದು ಎರಡು ವರ್ಷ ದಾಟಿದ ಮೇಲೆ.

ಅರಿಜೋನಾ ಕೊಟ್ಟದ್ದು ಅಂದರೆ ಇದು. ನವೆಂಬರ್ 3ರ ರಾತ್ರಿ 11:20ಕ್ಕೆ ಫಾಕ್ಸ್, ಅರಿಜೋನಾ ರಾಜ್ಯದಲ್ಲಿ ಬೈಡನ್ ಗೆಲ್ಲುತ್ತಾರೆ ಅಂತ ಘೋಷಿಸಿತು. ಬೇರೆ ಯಾವ ದೊಡ್ಡ ಚಾನೆಲ್ ಕೂಡ ಇನ್ನೂ ಹೇಳಿರಲಿಲ್ಲ. ಕೊನೆಗೆ ಬೈಡನ್ ಗೆದ್ದದ್ದು ಕೇವಲ 10,457 ಮತಗಳಿಂದ. ಅಷ್ಟು ಬೇಗ ಹೇಳಬಾರದಿತ್ತು ಅಂತ ಲೆಕ್ಕ ಬಲ್ಲವರೇ ಕೆಲವರು ಹೇಳುತ್ತಾರೆ. ಆದರೆ ಹೇಳಿದ್ದು ನಿಜವಾಯಿತು. ಒಂದು ಸುದ್ದಿ ಸಂಸ್ಥೆ ತನ್ನ ನೋಡುಗರಿಗೆ ಇಷ್ಟವಿಲ್ಲದ ನಿಜವನ್ನು ಎಲ್ಲರಿಗಿಂತ ಮೊದಲು ಹೇಳಿತು. ಹೇಳಿದ್ದಕ್ಕೆ ತೆತ್ತ ಬೆಲೆ ಏನು ನೋಡಿ. ನೋಡುಗರು ಬಿಟ್ಟು ಹೋದರು. ಡಿಸೆಂಬರ್‌ನ ಒಂದು ಸಂಜೆ 25ರಿಂದ 54 ವಯಸ್ಸಿನವರ ಲೆಕ್ಕದಲ್ಲಿ ನ್ಯೂಸ್‌ಮ್ಯಾಕ್ಸ್‌ನ ಒಂದು ಶೋ ಅದೇ ಹೊತ್ತಿನ ಫಾಕ್ಸ್ ಶೋವನ್ನು ಹಿಂದೆ ಹಾಕಿತು. ಅರಿಜೋನಾ ತೀರ್ಮಾನವನ್ನು ಪರದೆಯ ಮೇಲೆ ಸಮರ್ಥಿಸಿದ್ದ ರಾಜಕೀಯ ಸಂಪಾದಕ ಕ್ರಿಸ್ ಸ್ಟೈರ್‌ವಾಲ್ಟ್ 2021ರ ಜನವರಿಯಲ್ಲಿ ಕೆಲಸ ಕಳೆದುಕೊಂಡರು.

ಒಳಗೆ ಏನು ನಡೆಯಿತು ಅನ್ನುವುದು ಸಾಮಾನ್ಯವಾಗಿ ನಮಗೆ ಗೊತ್ತಾಗುವುದೇ ಇಲ್ಲ. ಇಲ್ಲಿ ಗೊತ್ತಾಯಿತು. ಮತಯಂತ್ರ ಮಾಡುವ ಡೊಮಿನಿಯನ್ ಕಂಪನಿ ಫಾಕ್ಸ್ ಮೇಲೆ 160 ಕೋಟಿ ಡಾಲರ್ ಮಾನನಷ್ಟ ಮೊಕದ್ದಮೆ ಹಾಕಿತು. ಅಮೆರಿಕದಲ್ಲಿ ಈ ಕೇಸು ಗೆಲ್ಲುವುದು ಬಹಳ ಕಷ್ಟ. ಸುಪ್ರೀಂ ಕೋರ್ಟಿನ 1964ರ ಸಲಿವನ್ ತೀರ್ಪಿನಿಂದ ಬೆಳೆದ ಕಾನೂನಿನ ಪ್ರಕಾರ ಹೇಳಿದ್ದು ಸುಳ್ಳು ಅಂತ ತೋರಿಸಿದರೆ ಸಾಲದು. ಸುಳ್ಳು ಅಂತ ಗೊತ್ತಿದ್ದೂ ಹೇಳಿದರು, ಅಥವಾ ನಿಜವೋ ಸುಳ್ಳೋ ಅನ್ನುವ ಗೊಡವೆಯೇ ಇಲ್ಲದೆ ಹೇಳಿದರು ಅಂತ ತೋರಿಸಬೇಕು. ಮನಸ್ಸಿನ ಒಳಗೆ ಏನಿತ್ತು ಅಂತ ತೋರಿಸಲು ಮೆಸೇಜ್‌ಗಳು ಬೇಕು. ಕೋರ್ಟು ಕೊಡಿಸಿತು. ಹಾಗಾಗಿ 2023ರ ಆರಂಭದಲ್ಲಿ ಫಾಕ್ಸ್‌ನವರು ಒಬ್ಬರಿಗೊಬ್ಬರು ಕಳಿಸಿಕೊಂಡಿದ್ದ ಮೆಸೇಜ್‌ಗಳು, ಇಮೇಲ್‌ಗಳು ಸಾರ್ವಜನಿಕವಾದವು. ನಾನು ಅವನ್ನು ಓದಿದ್ದು ಕಥೆ ಪುಸ್ತಕ ಓದುವ ಹಾಗೆ, ರಾತ್ರಿ ಹೊತ್ತು, ಹೆಂಡತಿಯ ಕೈಲಿ ಬೈಸಿಕೊಂಡು.

ಟ್ರಂಪ್ ಪರ ವಕೀಲೆ ಸಿಡ್ನಿ ಪವೆಲ್ ಆ ದಿನಗಳಲ್ಲಿ ಟೀವಿಯಲ್ಲಿ ಹೇಳುತ್ತಿದ್ದದ್ದು ನೆನಪಿದೆಯಲ್ಲ? ಡೊಮಿನಿಯನ್ ಯಂತ್ರಗಳು ಟ್ರಂಪ್ ಮತವನ್ನು ಬೈಡನ್‌ಗೆ ತಿರುಗಿಸಿದವು, ಆ ತಂತ್ರಾಂಶ ವೆನೆಜುವೆಲಾದ ಅಧ್ಯಕ್ಷನಾಗಿದ್ದ ಚಾವೇಸ್‌ಗಾಗಿ ಮಾಡಿದ್ದು, ಹೀಗೆ. ಡೊಮಿನಿಯನ್ ಹುಟ್ಟಿದ್ದು ಕೆನಡಾದ ಟೊರಾಂಟೊದಲ್ಲಿ. ಜಾರ್ಜಿಯಾದಲ್ಲಿ ಸುಮಾರು 50 ಲಕ್ಷ ಕಾಗದದ ಮತಗಳನ್ನು ಕೈಯಲ್ಲಿ ಎಣಿಸಿದರು, ಗೆದ್ದದ್ದು ಬೈಡನ್ನೇ. ಅಂಥ ಪವೆಲ್ ಬಗ್ಗೆ ಫಾಕ್ಸ್‌ನ ಆ್ಯಂಕರ್ ಟಕರ್ ಕಾರ್ಲ್‌ಸನ್ ತನ್ನ ಜೊತೆಯ ಆ್ಯಂಕರ್ ಲಾರಾ ಇಂಗ್ರಮ್‌ಗೆ ಕಳಿಸಿದ ಮೆಸೇಜ್: ಆಕೆ ಸುಳ್ಳು ಹೇಳ್ತಿದ್ದಾಳೆ, ನಾನೇ ಹಿಡಿದೆ, ಇದು ಹುಚ್ಚುತನ. ಇಂಗ್ರಮ್ ಉತ್ತರ: ಅವಳಿಗೆ ಪೂರ್ತಿ ತಲೆ ಕೆಟ್ಟಿದೆ. ಮಾಲೀಕ ರೂಪರ್ಟ್ ಮರ್ಡಾಕ್ ಕೂಡ ಟ್ರಂಪ್ ವಕೀಲರ ಪತ್ರಿಕಾಗೋಷ್ಠಿ ನೋಡಿ ಹುಚ್ಚು ಮಾತು ಅಂತಲೇ ಬರೆದಿದ್ದರು. ಇನ್ನೂ ತಮಾಷೆಯದು ಒಂದಿದೆ. ಪವೆಲ್ ತನ್ನ ಆಧಾರ ಅಂತ ಆ್ಯಂಕರ್ ಮರಿಯಾ ಬಾರ್ಟಿರೋಮೊಗೆ ಒಂದು ಇಮೇಲ್ ಕಳಿಸಿದ್ದರು. ಅದನ್ನು ಬರೆದವಳು, ಗಾಳಿ ನನ್ನ ಜೊತೆ ಮಾತಾಡುತ್ತದೆ, ನೀನು ದೆವ್ವ ಅಂತ ಹೇಳುತ್ತದೆ ಅಂತ ಅದೇ ಇಮೇಲ್‌ನಲ್ಲಿ ಬರೆದುಕೊಂಡಿದ್ದಳು. ಇದೆಲ್ಲ ಸ್ವಲ್ಪ ವಿಚಿತ್ರವಾಗಿದೆ ಅಂತ ಅವಳೇ ಒಪ್ಪಿಕೊಂಡಿದ್ದಳು. ಮರುದಿನವೇ ಪವೆಲ್ ಬಾರ್ಟಿರೋಮೊ ಶೋನಲ್ಲಿ ಅತಿಥಿ.

ಇಲ್ಲಿ ತನಕ ಓದಿದವರು, ಗೊತ್ತಿದ್ದೂ ಸುಳ್ಳು ಹೇಳಿದ ದುಷ್ಟರು ಅಂತ ಪುಸ್ತಕ ಮುಚ್ಚಬಹುದು. ನಾನು ತಡವರಿಸಿದ್ದು ಬೇರೆ ಮೆಸೇಜ್‌ಗಳಲ್ಲಿ. ನವೆಂಬರ್ 12ರಂದು ಫಾಕ್ಸ್‌ನದೇ ವರದಿಗಾರ್ತಿ ಜಾಕಿ ಹೈನ್‌ರಿಕ್, ಡೊಮಿನಿಯನ್ ಬಗ್ಗೆ ಟ್ರಂಪ್ ಮಾಡಿದ ಒಂದು ಟ್ವೀಟ್ ಸರಿಯಲ್ಲ ಅಂತ ಬರೆದರು. ಕೂಡಲೇ ಕಾರ್ಲ್‌ಸನ್ ಸಹ ಆ್ಯಂಕರ್‌ಗಳಿಗೆ ಬರೆದದ್ದು: ಅವಳನ್ನು ಕೆಲಸದಿಂದ ತೆಗೆಸಿ, ಇದರಿಂದ ಕಂಪನಿಗೆ ಏಟು ಬೀಳ್ತಿದೆ, ಷೇರು ಬೆಲೆ ಇಳಿದಿದೆ, ತಮಾಷೆ ಅಲ್ಲ. ಮರುದಿನ ಬೆಳಗ್ಗೆ ಹೊತ್ತಿಗೆ ಆ ವರದಿಗಾರ್ತಿಯ ಟ್ವೀಟ್ ಇರಲಿಲ್ಲ. ಇನ್ನೊಬ್ಬ ಆ್ಯಂಕರ್ ಸುಳ್ಳನ್ನು ಬಿಡಿಸಿ ತೋರಿಸಿದಾಗ ಸಿಇಒ ಸುಝಾನ್ ಸ್ಕಾಟ್ ಬರೆದದ್ದು ಇದೇ ಧಾಟಿ: ಇದು ನಿಲ್ಲಬೇಕು, ವ್ಯಾಪಾರಕ್ಕೆ ಕೆಟ್ಟದ್ದು, ನೋಡುಗರು ಕೆರಳಿದ್ದಾರೆ. ಅಂದ ಹಾಗೆ ಕಾರ್ಲ್‌ಸನ್ ಕೂಡ ಒಮ್ಮೆ ತನ್ನ ಶೋನಲ್ಲೇ, ಪವೆಲ್ ಸಾಕ್ಷಿ ಕೊಡುತ್ತಿಲ್ಲ ಅಂತ ಹೇಳಿದ್ದುಂಟು. ನೋಡುಗರು ಅವನ ಮೇಲೇ ತಿರುಗಿಬಿದ್ದರು. ಆಮೇಲೆ ಜನವರಿಯಲ್ಲಿ ಅದೇ ಶೋಗೆ ದಿಂಬು ಮಾರುವ ಮೈಕ್ ಲಿಂಡೆಲ್ ಬಂದು ಡೊಮಿನಿಯನ್ ಬಗ್ಗೆ ಅದೇ ಹಳೇ ರಾಗ ಹಾಡಿದ. ಲಿಂಡೆಲ್ ಫಾಕ್ಸ್‌ನ ದೊಡ್ಡ ಜಾಹೀರಾತುದಾರ. ಅವನನ್ನು ಯಾಕೆ ಬಿಟ್ಟುಕೊಂಡಿದ್ದೀರಿ, ಇದು ಕೆಂಪು ನೀಲಿಯ ವಿಷಯವಲ್ಲ, ಹಸಿರಿನ ವಿಷಯ ಅಲ್ಲವೇ ಅಂತ ವಕೀಲರು ಕೇಳಿದಾಗ ಮರ್ಡಾಕ್ ಒಪ್ಪಿಕೊಂಡರು. ಕೆಂಪು ಟ್ರಂಪ್ ಪಕ್ಷ, ನೀಲಿ ಬೈಡನ್ ಪಕ್ಷ, ಹಸಿರು ಡಾಲರ್ ನೋಟು.

ಈ ಕಾಗದಗಳಲ್ಲಿ ಮತ್ತೆ ಮತ್ತೆ ಕಾಣುವುದು ಹೆದರಿಕೆ. ಟ್ರಂಪ್‌ಗೆ ಹೆದರಿದ್ದಕ್ಕಿಂತ ಜಾಸ್ತಿ ಇವರು ಹೆದರಿದ್ದು ನಮ್ಮ ಪಕ್ಕದ ಮನೆ ಅಜ್ಜನಿಗೆ. ಅವರ ಕೈಯಲ್ಲಿರುವ ರಿಮೋಟ್‌ಗೆ. 2021ರ ಜನವರಿ 4ರಂದು ಕಾರ್ಲ್‌ಸನ್ ತನ್ನವರಿಗೆ, ಟ್ರಂಪ್‌ನನ್ನು ಮರೆತುಬಿಡುವ ದಿನ ಹತ್ತಿರ ಬಂತು, ಅವನನ್ನು ಕಂಡರೆ ನನಗಾಗದು ಅಂತ ಬರೆದಿದ್ದ. ಪರದೆಯ ಮೇಲೆ ಹಾಗೆ ಹೇಳುವ ಧೈರ್ಯ ಇರಲಿಲ್ಲ. ಗಿರಾಕಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಿದ್ದೂ ದಿನಾ ಜಾಮೂನು ಕಟ್ಟಿಕೊಡುವ ಅಂಗಡಿಯವನಿಗೆ ಗಿರಾಕಿ ಮೇಲೆ ಪ್ರೀತಿಯೂ ಇರುವುದಿಲ್ಲ, ದ್ವೇಷವೂ ಇರುವುದಿಲ್ಲ. ಎದುರುಗಡೆ ಇನ್ನೊಂದು ಅಂಗಡಿ ತೆರೆದಿದೆ ಅನ್ನುವ ಚಿಂತೆ ಮಾತ್ರ. ನ್ಯೂಸ್‌ಮ್ಯಾಕ್ಸ್ ಆ ಎದುರಿನ ಅಂಗಡಿ. ಅಜ್ಜ ತಮಗೆ ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡಿದ್ದು ಸರಿಯೇ. ಅವರು ಸಿಟ್ಟಾಗಿದ್ದು ಮಾತ್ರ, ಫಾಕ್ಸ್ ನಿಜ ಹೇಳಿದ ಒಂದೇ ರಾತ್ರಿಯ ಬಗ್ಗೆ.

ಇನ್ನೊಂದು ಮಾತು: ಫಾಕ್ಸ್ ದುಡ್ಡು ಮಾಡುವುದು ಜಾಹೀರಾತಿನಿಂದ ಅಷ್ಟೇ ಅಲ್ಲ. ಕೇಬಲ್ ಕಂಪನಿಗಳು ಪ್ರತಿ ಮನೆಗೆ ಇಷ್ಟು ಅಂತ ಅವರಿಗೆ ತಿಂಗಳು ತಿಂಗಳು ಕೊಡಬೇಕು. ಆ ಮನೆಯವರು ನೋಡಲಿ ಬಿಡಲಿ. 1996ರಲ್ಲಿ ಚಾನೆಲ್ ಶುರು ಮಾಡುವಾಗ ಮರ್ಡಾಕ್ ತಾವೇ ಕೇಬಲ್‌ನವರಿಗೆ ಮನೆಗೆ ಸುಮಾರು 10 ಡಾಲರ್ ಕೊಟ್ಟು ಜಾಗ ಹಿಡಿದಿದ್ದರು. ಈಗ ದುಡ್ಡು ಈ ಕಡೆಗೆ ಹರಿಯುತ್ತದೆ. ಫಾಕ್ಸ್ ತೆಗೆದರೆ ನಮ್ಮ ಗಿರಾಕಿಗಳು ಗಲಾಟೆ ಮಾಡುತ್ತಾರೆ ಅನ್ನುವ ಭಯ ಕೇಬಲ್‌ನವರಿಗೆ ಇರುವ ತನಕ ಅದು ಹರಿಯುತ್ತದೆ. ಅಂದರೆ ಅವರಿಗೆ ಬೇಕಾಗಿರುವುದು ಕೋಟಿಗಟ್ಟಲೆ ನೋಡುಗರಲ್ಲ. 33 ಕೋಟಿ ದಾಟಿದ ದೇಶದಲ್ಲಿ ರಾತ್ರಿ ಹೊತ್ತು ಫಾಕ್ಸ್ ನೋಡುವವರು ಸಾಮಾನ್ಯವಾಗಿ 20-30 ಲಕ್ಷ. ಬೇಕಾಗಿರುವುದು ಬಿಟ್ಟು ಹೋಗದವರು. ಅಜ್ಜನಂಥವರು.

ನಮ್ಮ ಕಡೆಯವರ ಮೌನ

ಇದನ್ನೆಲ್ಲ ನಮ್ಮ ಕನ್ನಡ ಸಂಘದ ಗೆಳೆಯರ ಮುಂದೆ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಎಲ್ಲರೂ ಅಂದರೆ ಹೆಚ್ಚಿನವರು. ನಮ್ಮ ಗುಂಪಿನಲ್ಲೂ ಈಗ ಎರಡು ಪಂಗಡ ಇದೆ. ಗಣೇಶನ ಹಬ್ಬದ ಊಟದ ಸಾಲಿನಲ್ಲಿ ಯಾರ ಪಕ್ಕ ಯಾರು ನಿಲ್ಲುತ್ತಾರೆ ಅನ್ನುವುದರಲ್ಲೇ ಗೊತ್ತಾಗುತ್ತದೆ. ಆದರೆ ನಾನು ಹೆಚ್ಚು ಒಡನಾಡುವುದು ನ್ಯೂಯಾರ್ಕ್ ಟೈಮ್ಸ್ ಓದುವ, ಕಾರಿನಲ್ಲಿ ಎನ್‌ಪಿಆರ್ ಎಂಬ ಸಾರ್ವಜನಿಕ ರೇಡಿಯೋ ಕೇಳುವ ಗೆಳೆಯರ ಜೊತೆ. ನಾವೆಲ್ಲ ಸರಿಯಾದ ಸುದ್ದಿ ನೋಡುತ್ತೇವೆ ಅನ್ನುವ ನೆಮ್ಮದಿ ಅವರಿಗಿದೆ. ಆ ನೆಮ್ಮದಿಯನ್ನು ಸ್ವಲ್ಪ ಕೆದಕಬೇಕು ಅನ್ನಿಸುತ್ತದೆ.

2020ರ ಅಕ್ಟೋಬರ್ 14ರಂದು ನ್ಯೂಯಾರ್ಕ್ ಪೋಸ್ಟ್, ಬೈಡನ್ ಮಗ ಹಂಟರ್‌ನ ಲ್ಯಾಪ್‌ಟಾಪ್‌ನಲ್ಲಿ ಸಿಕ್ಕ ಇಮೇಲ್‌ಗಳ ಬಗ್ಗೆ ಬರೆಯಿತು. ಟ್ವಿಟರ್ ಆ ಲಿಂಕ್ ಹಂಚದ ಹಾಗೆ ತಡೆಯಿತು. ಗೂಢಚಾರ ಸಂಸ್ಥೆಗಳ 51 ಮಾಜಿ ಅಧಿಕಾರಿಗಳು, ಇದರಲ್ಲಿ ರಷ್ಯಾದ ಕೈವಾಡದ ಗುರುತುಗಳಿವೆ ಅಂತ ಪತ್ರ ಬರೆದರು. ನಮ್ಮ ಬಳಿ ಪುರಾವೆ ಇಲ್ಲ ಅಂತ ಅದೇ ಪತ್ರದಲ್ಲಿತ್ತು. ಆ ಸಾಲನ್ನು ಟೀವಿಯಲ್ಲಿ ಓದಿದವರು ಕಡಿಮೆ. ಎನ್‌ಪಿಆರ್‌ನವರು, ಸುದ್ದಿಯೇ ಅಲ್ಲದ್ದರ ಮೇಲೆ ನಾವು ಸಮಯ ಹಾಳು ಮಾಡುವುದಿಲ್ಲ ಅಂದರು. 2022ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್, ವಾಷಿಂಗ್ಟನ್ ಪೋಸ್ಟ್ ಎರಡೂ ಆ ಇಮೇಲ್‌ಗಳಲ್ಲಿ ಹಲವು ಅಸಲಿ ಅಂತ ಒಪ್ಪಿದವು. 2024ರ ಜೂನ್‌ನಲ್ಲಿ ಅದೇ ಲ್ಯಾಪ್‌ಟಾಪ್ ಹಂಟರ್ ಮೇಲಿನ ಬಂದೂಕು ಪ್ರಕರಣದಲ್ಲಿ ಸರ್ಕಾರದ ಸಾಕ್ಷಿಯಾಗಿ ಕೋರ್ಟಿಗೆ ಬಂತು. ನ್ಯೂಯಾರ್ಕ್ ಪೋಸ್ಟ್ ಹೇಳಿದ್ದೆಲ್ಲ ಸರಿ ಅಂತಲೋ, ಬೈಡನ್ ಭ್ರಷ್ಟ ಅಂತಲೋ ಇದರಿಂದ ಸಾಬೀತಾಗುವುದಿಲ್ಲ. ಆದರೆ ಲ್ಯಾಪ್‌ಟಾಪ್ ರಷ್ಯಾದ್ದಲ್ಲ, ಹಂಟರ್‌ನದೇ.

ಇನ್ನೊಂದು ಎಲ್ಲರಿಗೂ ನೆನಪಿರುವುದು, 2024ರ ಜೂನ್ 27. ಅಟ್ಲಾಂಟಾದಲ್ಲಿ ಸಿಎನ್‌ಎನ್ ನಡೆಸಿದ ಬೈಡನ್-ಟ್ರಂಪ್ ಚರ್ಚೆ. ನಾವು ಕೆಲವರು ಗೆಳೆಯರ ಮನೆಯ ಬೇಸ್‌ಮೆಂಟ್‌ನಲ್ಲಿ ಚುರುಮುರಿ ಹಾಕಿಕೊಂಡು ನೋಡುತ್ತಿದ್ದೆವು. ಬೈಡನ್ ಮಾತು ಮಧ್ಯದಲ್ಲೇ ಕಳೆದುಹೋದಾಗ ಯಾರೂ ಚುರುಮುರಿ ಮುಟ್ಟಲಿಲ್ಲ. ಒಬ್ಬ ಗೆಳತಿ ಸಿಟ್ಟಿನಿಂದ, "ನಮಗೆ ಯಾಕೆ ಯಾರೂ ಹೇಳಲಿಲ್ಲ?" ಅಂದಳು. ಹೇಳಿದ್ದರು. ಫೆಬ್ರವರಿಯಲ್ಲೇ ವಿಶೇಷ ತನಿಖಾಧಿಕಾರಿ ರಾಬರ್ಟ್ ಹರ್ ತಮ್ಮ ವರದಿಯಲ್ಲಿ ನೆನಪಿನ ಶಕ್ತಿ ಕುಂದಿದ ವಯಸ್ಸಾದ ಮನುಷ್ಯ ಅಂತ ಬರೆದಿದ್ದರು. ಜೂನ್ ಮೊದಲ ವಾರದಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಉದ್ದದ ವರದಿ ಮಾಡಿತ್ತು. ಎರಡನ್ನೂ ನಾವು ಕೇಳಿದ್ದು, "ರಿಪಬ್ಲಿಕನ್ನರು ಹೀಗೆ ಹೇಳಿಸಿದ್ದಾರೆ" ಅನ್ನುವ ಸುದ್ದಿಯಾಗಿ. ಅಧ್ಯಕ್ಷರು ಎಡವುವ ವಿಡಿಯೋಗಳನ್ನು ಕತ್ತರಿಸಿ ಜೋಡಿಸಿದ್ದು ಅಂತ ತಳ್ಳಿಹಾಕಿದ್ದಾಯಿತು. ಕೆಲವು ನಿಜವಾಗಿಯೂ ಹಾಗೆ ಕತ್ತರಿಸಿದ್ದವೇ, ಅದು ಇನ್ನೂ ಅನುಕೂಲವಾಯಿತು. ಪಕ್ಕದ ಮನೆ ಅಜ್ಜ ಮಾತ್ರ ಒಂದು ವರ್ಷದಿಂದ ನನಗೆ ಅದನ್ನೇ ಹೇಳುತ್ತಿದ್ದರು. ಅವರು ನೋಡುವ ಚಾನೆಲ್‌ಗೆ ಅದನ್ನು ತೋರಿಸುವ ಆಸೆ ಇತ್ತು, ತೋರಿಸಿತು. ನಮ್ಮದಕ್ಕೆ ಇರಲಿಲ್ಲ.

ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಚುನಾವಣೆಯೇ ಕಳ್ಳತನವಾಯಿತು ಅನ್ನುವುದು ಸುಳ್ಳು ಅಂತ ಗೊತ್ತಿದ್ದೂ ಅದನ್ನು ವಾರಗಟ್ಟಲೆ ಪ್ರಸಾರ ಮಾಡುವುದಕ್ಕೂ, ಒಂದು ಸುದ್ದಿಯನ್ನು ಕಡೆಗಣಿಸುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ಮೊದಲನೆಯದರ ಬೆನ್ನಿಗೆ, ಟ್ರಂಪ್ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿದ ಜನವರಿ 6 ಬಂತು. ಆದರೆ ಗಿರಾಕಿಗೆ ಬೇಡವಾದದ್ದನ್ನು ಕಪಾಟಿನ ಹಿಂದೆ ಇಡುವ ಅಭ್ಯಾಸ ಎರಡೂ ಕಡೆ ಇದೆ, ಮತ್ತು ಅದು ಸುಳ್ಳಿಗಿಂತ ಹಿಡಿಯಲು ಕಷ್ಟ. ಸುಳ್ಳನ್ನು ಫ್ಯಾಕ್ಟ್ ಚೆಕ್ ಮಾಡಬಹುದು. ಹೇಳದೆ ಬಿಟ್ಟದ್ದನ್ನು ಹೇಗೆ ಮಾಡುವುದು?

ಇದನ್ನು ಇಬ್ಬರು ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ. ಬರ್ಕ್ಲಿಯ ಡೇವಿಡ್ ಬ್ರೂಕ್‌ಮನ್, ಯೇಲ್‌ನ ಜೋಶುವಾ ಕಲ್ಲಾ. 2020ರ ಸೆಪ್ಟೆಂಬರ್‌ನಲ್ಲಿ ಫಾಕ್ಸ್‌ನ ಕಾಯಂ ನೋಡುಗರಿಗೆ ಗಂಟೆಗೆ 15 ಡಾಲರ್ ಕೊಟ್ಟು, ವಾರಕ್ಕೆ 7 ಗಂಟೆಯ ತನಕ ಸಿಎನ್‌ಎನ್ ನೋಡಿ ಅಂದರು. ನೋಡಿದ್ದಾರೋ ಇಲ್ಲವೋ ಅಂತ ಪ್ರಶ್ನೆ ಕೇಳಿ ಖಚಿತ ಮಾಡಿಕೊಂಡರು. ಒಂದು ತಿಂಗಳಲ್ಲಿ ಆ ಜನ ಟ್ರಂಪ್ ವಿರೋಧಿಗಳಾಗಲಿಲ್ಲ. ಆದರೆ ಕೋವಿಡ್ ಬಗ್ಗೆ, ಅಂಚೆ ಮತದ ಬಗ್ಗೆ ಮೊದಲು ಗೊತ್ತಿಲ್ಲದ ವಿಷಯ ತಿಳಿದುಕೊಂಡರು, ಕೆಲವು ಅಭಿಪ್ರಾಯ ಬದಲಾಯಿತು. ಟ್ರಂಪ್ ತಪ್ಪು ಮಾಡಿದರೆ ಫಾಕ್ಸ್ ಅದನ್ನು ತೋರಿಸುವುದಿಲ್ಲ ಅಂತ ಒಪ್ಪುವವರು ಜಾಸ್ತಿಯಾದರು. ದುಡ್ಡು ನಿಂತ ಮೇಲೆ ಬಹುಪಾಲು ಜನ ಮತ್ತೆ ಫಾಕ್ಸ್‌ಗೇ ಹೋದರು. ಬದಲಾಗಿದ್ದೂ ಹೆಚ್ಚುಕಮ್ಮಿ ಮೊದಲಿನ ಹಾಗಾಯಿತು. ಈ ಪ್ರಯೋಗವನ್ನು ನನ್ನ ಎನ್‌ಪಿಆರ್ ಗೆಳೆಯರ ಮೇಲೆ ತಿರುಗಿಸಿ ಮಾಡಿದರೆ ಏನಾದೀತು ಅಂತ ಯೋಚಿಸುತ್ತೇನೆ. ಗಂಟೆಗೆ 15 ಡಾಲರ್‌ಗೆ ಅವರು ಫಾಕ್ಸ್ ನೋಡುವುದಿಲ್ಲ ಬಿಡಿ, ರೇಟು ಜಾಸ್ತಿ ಮಾಡಬೇಕಾಗುತ್ತದೆ.

ಹಳೇ ಕಾಲ ಚೆನ್ನಾಗಿತ್ತು ಅನ್ನುವವರು ಇದ್ದಾರೆ. ವಿವಾದದ ವಿಷಯದಲ್ಲಿ ಎರಡೂ ಕಡೆ ತೋರಿಸಬೇಕು ಅನ್ನುವ ಫೇರ್‌ನೆಸ್ ಡಾಕ್ಟ್ರಿನ್ ನಿಯಮ 1949ರಿಂದ ಇತ್ತು, 1987ರಲ್ಲಿ ಹೋಯಿತು, ಮರುವರ್ಷವೇ ಬಲಪಂಥದ ಮಾತುಗಾರ ರಶ್ ಲಿಂಬಾ ರೇಡಿಯೋದಲ್ಲಿ ದೇಶವ್ಯಾಪಿಯಾದ, ಅಲ್ಲಿಂದ ಎಲ್ಲ ಕೆಟ್ಟಿತು ಅಂತ. ಅರ್ಧ ಸರಿ. ಆ ನಿಯಮ ಇದ್ದದ್ದು ಗಾಳಿಯಲ್ಲಿ ಪ್ರಸಾರವಾಗುವ ರೇಡಿಯೋ, ಟೀವಿಗೆ. ಫಾಕ್ಸ್, ಸಿಎನ್‌ಎನ್ ಎಲ್ಲ ಕೇಬಲ್. ನಿಯಮ ಇವತ್ತು ಇದ್ದಿದ್ದರೂ ಅವರ ಕೂದಲೂ ಕೊಂಕುತ್ತಿರಲಿಲ್ಲ. 1976ರಲ್ಲಿ ಗ್ಯಾಲಪ್ ಎಂಬ ಸಮೀಕ್ಷೆ ಸಂಸ್ಥೆ ಕೇಳಿದಾಗ ಮಾಧ್ಯಮವನ್ನು ನಂಬುತ್ತೇವೆ ಅಂದವರು ನೂರಕ್ಕೆ 72. 2025ರಲ್ಲಿ 28. ಆಗ ಸಂಜೆ ಸುದ್ದಿಗೆ ಇದ್ದದ್ದು ಮೂರೇ ಅಂಗಡಿ. ಮೂವರಿಗೂ ಎಲ್ಲ ಪಕ್ಷದ ಗಿರಾಕಿಯೂ ಬೇಕಿತ್ತು. ಅವರು ನಮಗಿಂತ ಒಳ್ಳೆಯವರೇನೂ ಆಗಿರಲಿಲ್ಲ, ಯಾರನ್ನೂ ಕಳೆದುಕೊಳ್ಳುವ ಹಾಗಿರಲಿಲ್ಲ ಅಷ್ಟೇ.

ಡೆಲಾವೇರ್

ಡೊಮಿನಿಯನ್ ಕೇಸು ನಡೆದದ್ದು ಡೆಲಾವೇರ್ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿ. ಡೊಮಿನಿಯನ್ ಬಗ್ಗೆ ಫಾಕ್ಸ್‌ನಲ್ಲಿ ಬಂದ ಮಾತುಗಳಲ್ಲಿ ಒಂದೂ ನಿಜವಲ್ಲ ಅನ್ನುವುದು ಸ್ಫಟಿಕದಷ್ಟು ಸ್ಪಷ್ಟ ಅಂತ ನ್ಯಾಯಾಧೀಶ ಎರಿಕ್ ಡೇವಿಸ್ ವಿಚಾರಣೆಗೆ ಮೊದಲೇ ಬರೆದುಬಿಟ್ಟಿದ್ದರು. 2023ರ ಏಪ್ರಿಲ್ 18ರಂದು ಜ್ಯೂರಿ ಪ್ರಮಾಣ ಮಾಡಿ ಕೂತಾಗಿತ್ತು. ಮರ್ಡಾಕ್ ಸಾಕ್ಷಿ ಕಟ್ಟೆಗೆ ಬರುವುದನ್ನು ನೋಡಲು ನಾವು ಕಾದಿದ್ದೆವು. ಅಷ್ಟರಲ್ಲಿ ರಾಜಿಯಾಯಿತು. ಫಾಕ್ಸ್ ಕೊಟ್ಟದ್ದು 78 ಕೋಟಿ 75 ಲಕ್ಷ ಡಾಲರ್. ಕೆಲವು ಮಾತು ಸುಳ್ಳು ಅಂತ ಕೋರ್ಟ್ ಹೇಳಿರುವುದನ್ನು ಗಮನಿಸಿದ್ದೇವೆ ಅಂತ ಒಂದು ಹೇಳಿಕೆ. ಟೀವಿಯಲ್ಲಿ ಕ್ಷಮೆ ಕೇಳಬೇಕು ಅನ್ನುವ ಷರತ್ತು ಇರಲಿಲ್ಲ. ಅಂದರೆ ಡೊಮಿನಿಯನ್‌ಗೆ ದುಡ್ಡು ಸಿಕ್ಕಿತು, ಓದುವವರಿಗೆ ಮೆಸೇಜ್‌ಗಳು ಸಿಕ್ಕವು. ಯಾರಿಗೆ ಸುಳ್ಳು ಹೇಳಿದ್ದರೋ ಅವರಿಗೆ ಏನೂ ಸಿಗಲಿಲ್ಲ. ಒಂದು ವಾರದಲ್ಲಿ ಕಾರ್ಲ್‌ಸನ್ ಫಾಕ್ಸ್ ಬಿಟ್ಟ. 2025ರ ಆಗಸ್ಟ್‌ನಲ್ಲಿ ನ್ಯೂಸ್‌ಮ್ಯಾಕ್ಸ್ ಕೂಡ ಡೊಮಿನಿಯನ್‌ಗೆ 6 ಕೋಟಿ 70 ಲಕ್ಷ ಡಾಲರ್ ಕೊಡಲು ಒಪ್ಪಿತು.

ಇಷ್ಟೆಲ್ಲ ಗೆದ್ದ ಡೊಮಿನಿಯನ್ ಈಗ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಅದನ್ನು ಮಾರಿದರು. ಕೊಂಡವರು ಲಿಬರ್ಟಿ ವೋಟ್ ಅಂತ ಹೆಸರು ಬದಲಿಸಿದರು. ಕೆಲವು ದಿನದ ನಂತರ ಅಜ್ಜ ಅಂಗಳದಲ್ಲಿ ಸಿಕ್ಕರು. ಈಗ ಪೊರಕೆ ಇಲ್ಲ, ಲೀಫ್ ಬ್ಲೋವರ್ ಇದೆ. ನನ್ನನ್ನು ನೋಡಿದ ಕೂಡಲೇ ಅದನ್ನು ಆಫ್ ಮಾಡಿ, "ನೋಡಿದೆಯಾ, ಡೊಮಿನಿಯನ್ ಹೆಸರು ಬದಲಾಯಿಸಿಕೊಂಡರು. ಏನೂ ಮಾಡದವರು ಹೆಸರು ಯಾಕೆ ಬದಲಾಯಿಸ್ತಾರೆ?" ಅಂದರು.

ನಾನು ಫಾಕ್ಸ್ ಕೊಟ್ಟ ದುಡ್ಡಿನ ಲೆಕ್ಕ ಹೇಳಿದೆ. ಅವರು ನಿಜವಾಗಿ ಬೆರಗಾದರು. "ಅಷ್ಟೊಂದಾ? ಯಾವ ಚಾನೆಲ್‌ನಲ್ಲಿ ಬಂತು ಇದು?"

ಚಾನೆಲ್ ಅಲ್ಲ, ಕೋರ್ಟ್ ದಾಖಲೆ ಅಂದೆ.

"ಯಾವ ಕೋರ್ಟು?"

"ಡೆಲಾವೇರ್."

"ಡೆಲಾವೇರಾ!" ಅಂತ ನಕ್ಕರು. "ಅದು ಬೈಡನ್ ಊರಲ್ವಾ?"

ಫಾಕ್ಸ್ ಕಂಪನಿ ರಿಜಿಸ್ಟರ್ ಆಗಿರುವುದೂ ಅಲ್ಲೇ ಅಂತ ನಾನು ಹೇಳುವಷ್ಟರಲ್ಲಿ ಬ್ಲೋವರ್ ಮತ್ತೆ ಆನ್ ಆಗಿತ್ತು.